ಸ್ಪೀಕರ್ ಸತ್ತದ್ದು ವ್ಯಾಟ್‌ನಿಂದಲ್ಲ, ಪೆಟ್ಟಿಗೆಯಿಂದ

ಕಳೆದ ಏಪ್ರಿಲ್‌ನ ಒಂದು ಮುಂಜಾನೆ ಐದೂವರೆಗೆ ಪುಣೆಯ ಕಾತ್ರಜ್‌ನಲ್ಲಿ ರಸ್ತೆ ಬದಿ ನಿಂತು ಊರ ಕಡೆಯಿಂದ ಬರುವ ಬಸ್ಸಿಗಾಗಿ ಕಾಯುತ್ತಿದ್ದೆ. ಬಸ್ಸಿನಲ್ಲಿ ನೆಂಟರು ಯಾರೂ ಬರುವವರಿರಲಿಲ್ಲ. ಬರುತ್ತಿದ್ದದ್ದು ಒಂದು ಸತ್ತ ಸ್ಪೀಕರ್. ಹಿಂದಿನ ರಾತ್ರಿ ರಾಣೆಬೆನ್ನೂರಿನಲ್ಲಿ ಹದಿನೆಂಟು ಇಂಚಿನ ಬಾಸ್ ಸ್ಪೀಕರನ್ನು ಗೋಣಿಚೀಲದಲ್ಲಿ ಸುತ್ತಿ, ಮೇಲೆ ನನ್ನ ಮೊಬೈಲ್ ನಂಬರ್ ಬರೆದು, ಬಸ್ಸಿನ ಡಿಕ್ಕಿಗೆ ಏರಿಸಿದ್ದು ನನ್ನ ಚಿಕ್ಕಪ್ಪನ ಮಗ. ಹದಿಮೂರು ಕೆ.ಜಿ. ಭಾರದ ಅದನ್ನು ಇಳಿಸಿಕೊಟ್ಟ ಕ್ಲೀನರ್, 'ಏನ್ರೀ ಸರ, ರುಬ್ಬು ಕಲ್ಲ್ ತರಿಸೀರೇನು?' ಎಂದು ನಕ್ಕ. ನನಗೆ ನಗು ಬರಲಿಲ್ಲ. ಆ ಸ್ಪೀಕರ್ ಸತ್ತದ್ದರಲ್ಲಿ ನನ್ನದೂ ಒಂದು ಕೈ ಇತ್ತು.

ತಮ್ಮ ಊರಿನಲ್ಲಿ ಸೌಂಡ್ ಸರ್ವಿಸ್ ಇಟ್ಟಿದ್ದಾನೆ. ಮದುವೆ, ಜಾತ್ರೆ, ಗಣಪತಿ, ಶಾಲೆಯ ಗ್ಯಾದರಿಂಗ್, ಎಲ್ಲಕ್ಕೂ ಅವನದೇ ಸೆಟ್. ಕಳೆದ ವರ್ಷ ಸೊಸೈಟಿಯಲ್ಲಿ ಸಾಲ ಮಾಡಿ ಎರಡು ದೊಡ್ಡ ಬಾಸ್ ಸ್ಪೀಕರ್, ಒಂದು ಆಂಪ್ಲಿಫೈಯರ್ ಕೊಂಡ. ಕೊಳ್ಳುವ ಮುಂಚೆ ನನಗೆ ಫೋನ್ ಮಾಡಿದ. ಮನೆಯಲ್ಲಿ ಎಂ.ಟೆಕ್ ಓದಿದವನು, ಅದೂ ಸಿಗ್ನಲ್ ಪ್ರೊಸೆಸಿಂಗ್ ಓದಿದವನು ನಾನೊಬ್ಬನೇ. ಸಾಲದ್ದಕ್ಕೆ ನನ್ನ ಫ್ಲ್ಯಾಟಿನಲ್ಲಿ ಕೈಯಾರೆ ಮಾಡಿದ ಸಬ್‌ವೂಫರ್ ಬೇರೆ ಇದೆ. ಸ್ಪೀಕರ್ ಮೇಲೆ 1200 ವ್ಯಾಟ್ ಎಂದು ಬರೆದಿತ್ತು, ಆಂಪ್ಲಿಫೈಯರ್ 800 ವ್ಯಾಟ್‌ನದು. 'ಸ್ಪೀಕರ್ ದೊಡ್ಡದು, ಆಂಪ್ ಚಿಕ್ಕದು, ಏನೂ ಆಗಲ್ಲ, ಧೈರ್ಯವಾಗಿ ತಗೋ' ಎಂದೆ. ಪೆಟ್ಟಿಗೆ ಹೇಗೆ ಮಾಡಿಸುತ್ತೀಯ ಎಂದು ನಾನು ಕೇಳಲೇ ಇಲ್ಲ.

ಮೂರನೇ ಮದುವೆಯ ರಾತ್ರಿ, ವರನ ಮೆರವಣಿಗೆ ಮುಗಿಯುವ ಮೊದಲೇ ಒಂದು ಸ್ಪೀಕರ್ 'ಠಕ್ ಠಕ್' ಎಂದು ಬಡಿದುಕೊಂಡು ಸುಮ್ಮನಾಯಿತು. ಬೀಗರು ಬಾಡಿಗೆಯಲ್ಲಿ ಅರ್ಧ ಹಣ ಹಿಡಿದರು. ಮಾರಿದವರು ಗ್ಯಾರಂಟಿ ಕೊಡುವುದಿಲ್ಲ ಎಂದರು. 'ಅಣ್ಣಾ, ಎಂಟನೂರಕ್ಕ ಹನ್ನೆರಡನೂರು ಹೆಂಗ ಸತ್ತೀತು? ನೀನs ಹೇಳಿದ್ದೆಲ್ಲ' ಎಂದ ತಮ್ಮನ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಮುಂದಿನ ಬುಕಿಂಗ್‌ಗೆ ಹನ್ನೆರಡು ದಿನ ಇತ್ತು. 'ಸತ್ತದ್ದನ್ನು ಕಳಿಸು, ನೋಡೋಣ' ಎಂದೆ.

ಪುಣೆಯ ಬುಧವಾರ ಪೇಠೆಯಲ್ಲಿ ತಾಪ್ಕೀರ್ ಗಲ್ಲಿ ಎಂಬ ಎಲೆಕ್ಟ್ರಾನಿಕ್ಸ್ ಬಜಾರ್ ಇದೆ. ಬೆಂಗಳೂರಿನವರಿಗೆ ಎಸ್.ಪಿ. ರೋಡ್, ಮುಂಬೈಯವರಿಗೆ ಲ್ಯಾಮಿಂಗ್ಟನ್ ರೋಡ್ ಇದ್ದ ಹಾಗೆ. ಅದರ ಆಸುಪಾಸಿನ ಒಂದು ಸಂದಿಯಲ್ಲಿ ಸ್ಪೀಕರ್ ಕಾಯಿಲ್ ಸುತ್ತುವ ಒಬ್ಬ ಮಿಸ್ತ್ರಿ ಕಾಕಾ ಇದ್ದಾರೆ. ನಾನು ಮುರುಕು ಮರಾಠಿಯಲ್ಲಿ ಶುರು ಮಾಡಿದೆ. ಅವರು ಗೋಣಿಚೀಲದ ಮೇಲೆ ಕನ್ನಡದಲ್ಲಿ ಬರೆದಿದ್ದ ಊರಿನ ಹೆಸರು ನೋಡಿ, 'ಕನ್ನಡದಾಗ ಹೇಳ್ ತಮ್ಮಾ, ನಂದು ಅಕ್ಕಲಕೋಟ' ಎಂದರು.

ಕಾಕಾ ಬ್ಲೇಡಿನಿಂದ ಕೋನ್ ಬಿಡಿಸಿ, ಕಾಯಿಲ್ ಹೊರತೆಗೆದು, ಮೊದಲು ಮಾಡಿದ ಕೆಲಸ ಮೂಸಿ ನೋಡಿದ್ದು. 'ಸುಟ್ಟಿಲ್ಲ' ಎಂದರು. ಕಾಯಿಲ್‌ನ ತಂತಿ ಹೊಸದರ ಹಾಗೆ ಹೊಳೆಯುತ್ತಿತ್ತು. ಆದರೆ ತಂತಿ ಸುತ್ತಿದ ಕೊಳವೆಯ ಕೆಳತುದಿ ಜಜ್ಜಿ ಮಡಚಿಕೊಂಡಿತ್ತು. ಅದನ್ನು ನಡುವೆ ಹಿಡಿದುಕೊಳ್ಳುವ ಸ್ಪೈಡರ್ ಒಂದು ಬದಿ ಹರಿದಿತ್ತು. 'ಇದು ಕರೆಂಟಿಗೆ ಸತ್ತಿಲ್ಲ. ಜಿಗದ್ ಜಿಗದ್ ಸತ್ತೈತಿ. ಡಬ್ಬಿ ಯಾರ್ ಮಾಡ್ಯಾರ?' ಎಂದು ಕೇಳಿದರು. ನಾನು ತಮ್ಮನಿಗೆ ಕೇಳಬೇಕಿದ್ದ ಪ್ರಶ್ನೆ ಅದು.

ಅವತ್ತು ಸಂಜೆಯಿಂದ ವಾರವಿಡೀ ಆಫೀಸ್ ಮುಗಿಸಿ ಬಂದು ಓದಿದ್ದು ಇದನ್ನೇ. ಅರ್ಥವಾದದ್ದನ್ನು ಇಲ್ಲಿ ಹೇಳುತ್ತೇನೆ. ಮನೆಗೆ ಹೋಂ ಥಿಯೇಟರ್, ಕಾರಿಗೆ ಸಬ್‌ವೂಫರ್, ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಸೌಂಡ್ ಸೆಟ್ ನೋಡುವವರಿಗೆ ಉಪಯೋಗವಾದೀತು.

ಸ್ಪೀಕರ್‌ಗೆ ಸಾವು ಎರಡು ಬಗೆಯದು. ಒಂದು ಬಿಸಿಯಿಂದ. ನಾವು ಕೊಡುವ ವಿದ್ಯುತ್ತಿನಲ್ಲಿ ಶಬ್ದವಾಗುವುದು ನೂರಕ್ಕೆ ಒಂದೆರಡು ಪಾಲು ಮಾತ್ರ. ಉಳಿದದ್ದೆಲ್ಲ ಕಾಯಿಲ್‌ನಲ್ಲಿ ಶಾಖವಾಗುತ್ತದೆ. 500 ವ್ಯಾಟ್ ಕೊಟ್ಟರೆ, ಹೆಚ್ಚೂ ಕಡಿಮೆ ಅರ್ಧ ಇಸ್ತ್ರಿ ಪೆಟ್ಟಿಗೆಯಷ್ಟು ಶಾಖ ಒಂದು ಬಳೆಯಗಲದ ತಂತಿಯ ಸುತ್ತಿನೊಳಗೆ ಹುಟ್ಟುತ್ತಿರುತ್ತದೆ. ಮಿತಿ ಮೀರಿದರೆ ಅಂಟು ಬಿಡುತ್ತದೆ, ತಂತಿ ಕರಿಕಾಗುತ್ತದೆ. ಕಾಕಾ ಮೂಸಿ ನೋಡಿದ್ದು ಇದನ್ನು.

ಇನ್ನೊಂದು ಸಾವು ಚಲನೆಯಿಂದ. ಕೋನ್ ಹಿಂದೆ ಮುಂದೆ ಎಷ್ಟು ಮಿಲಿಮೀಟರ್ ಓಡಾಡಬಹುದು ಎಂಬುದಕ್ಕೆ ಮಿತಿ ಇದೆ. ಅದು ಮೀರಿದರೆ ಕಾಯಿಲ್‌ನ ಕೊಳವೆ ಹಿಂದಿನ ಮ್ಯಾಗ್ನೆಟ್‌ನ ಲೋಹದ ತಟ್ಟೆಗೆ ಹೋಗಿ ಬಡಿಯುತ್ತದೆ. ತಮ್ಮ ಕೇಳಿದ 'ಠಕ್ ಠಕ್' ಅದೇ. ಸ್ವರ ಕೆಳಗಿಳಿದಷ್ಟೂ ಈ ಅಪಾಯ ಜಾಸ್ತಿ. 80 ಹರ್ಟ್ಜ್‌ನಲ್ಲಿ ಬರುವಷ್ಟೇ ಶಬ್ದ 40 ಹರ್ಟ್ಜ್‌ನಲ್ಲೂ ಕೋನ್‌ನಿಂದಲೇ ಬರಬೇಕೆಂದರೆ ಅದು ನಾಲ್ಕು ಪಟ್ಟು ದೂರ ಓಡಾಡಬೇಕು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಸ್ಪೀಕರ್ ಮೇಲೆ ಬರೆದ ವ್ಯಾಟ್ ಹೆಚ್ಚಾಗಿ ಮೊದಲನೆಯ ಸಾವಿನ ಲೆಕ್ಕ. ವೃತ್ತಿಪರ ಸ್ಪೀಕರ್‌ಗಳಿಗೆ ಬಹಳ ಬಳಕೆಯಲ್ಲಿರುವ ಎಇಎಸ್2-1984 ಎಂಬ ಮಾನದಂಡದಲ್ಲಿ ಸ್ಪೀಕರನ್ನು ಪೆಟ್ಟಿಗೆಯಿಲ್ಲದೆ, ಬಯಲಿನಲ್ಲಿಟ್ಟು ಎರಡು ತಾಸು ನುಡಿಸುತ್ತಾರೆ. ನುಡಿಸುವುದು ಹಾಡಲ್ಲ, ಒಂದು ನಿಗದಿತ ಪಟ್ಟಿಗೆ ಸೀಮಿತವಾದ ಭೋರ್ಗರೆತ. ಉದಾಹರಣೆಗೆ 50ರಿಂದ 500 ಹರ್ಟ್ಜ್. ಹಾಗೆ ಬಂದ ಸಂಖ್ಯೆ ನಿರಂತರ ವ್ಯಾಟ್. ಅದನ್ನು ದ್ವಿಗುಣ ಮಾಡಿ 'ಪ್ರೋಗ್ರಾಂ' ಎನ್ನುತ್ತಾರೆ, ನಾಲ್ಕು ಪಟ್ಟು ಮಾಡಿ 'ಪೀಕ್' ಎನ್ನುತ್ತಾರೆ. ತಮ್ಮನ 1200 ವ್ಯಾಟ್ ಪ್ರೋಗ್ರಾಂ ಸಂಖ್ಯೆ, ನಿರಂತರ 600 ಮಾತ್ರ. ಅದಕ್ಕಿಂತ ಮುಖ್ಯವಾಗಿ, 35 ಹರ್ಟ್ಜ್‌ನ ಗುಡುಗು ಬಂದಾಗ ಅವನ ಪೆಟ್ಟಿಗೆಯೊಳಗೆ ಕೋನ್ ಎಷ್ಟು ಜಿಗಿಯುತ್ತದೆ ಎಂಬುದನ್ನು ಆ ಸಂಖ್ಯೆ ಹೇಳುವುದೇ ಇಲ್ಲ. ಅದನ್ನು ಹೇಳುವುದು ಪೆಟ್ಟಿಗೆ.

ನನ್ನ ಮನೆಯ ಸಬ್‌ವೂಫರ್‌ನಿಂದಲೇ ಶುರು ಮಾಡೋಣ. ಅದು ಹನ್ನೆರಡು ಇಂಚಿನ ಸ್ಪೀಕರ್, 300 ವ್ಯಾಟ್, 30 ಲೀಟರಿನ ಪೂರ್ತಿ ಮುಚ್ಚಿದ ಪೆಟ್ಟಿಗೆ. ಸೈಕಲ್ ಪಂಪಿನ ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಹಿಡಿಕೆ ಒತ್ತಿದರೆ ಹೇಗೆ ತಿರುಗಿ ಒತ್ತುತ್ತದೋ, ಮುಚ್ಚಿದ ಪೆಟ್ಟಿಗೆಯ ಗಾಳಿಯೂ ಕೋನನ್ನು ಹಾಗೇ ಹಿಡಿಯುತ್ತದೆ. ಅಮೆರಿಕದ ಎಡ್ಗರ್ ವಿಲ್ಚರ್ 1954ರಲ್ಲಿ ಎಆರ್-1 ಎಂಬ ಸ್ಪೀಕರ್ ಮಾಡಿದ್ದು ಇದೇ ಉಪಾಯದಿಂದ. ಅಲ್ಲಿ ಕೋನನ್ನು ಹಿಡಿದು ವಾಪಸ್ ತರುವ ಮುಖ್ಯ ಸ್ಪ್ರಿಂಗ್ ಎಂದರೆ ಪೆಟ್ಟಿಗೆಯೊಳಗಿನ ಗಾಳಿಯೇ.

ಸ್ಪೀಕರ್‌ನ ತಾಂತ್ರಿಕ ಪಟ್ಟಿಯಲ್ಲಿ ವಿಎಎಸ್ ಎಂಬ ಸಂಖ್ಯೆ ಇರುತ್ತದೆ. ಕೋನನ್ನು ಹಿಡಿದ ಸ್ಪೈಡರ್, ಅಂಚಿನ ಸರೌಂಡ್ ಎರಡೂ ಸೇರಿ ಎಷ್ಟು ಬಿಗಿಯೋ, ಅಷ್ಟೇ ಬಿಗಿಯಾಗಿರುವ ಗಾಳಿಯ ಗಾತ್ರ ಅದು. ನನ್ನದರಲ್ಲಿ 60 ಲೀಟರ್. ಬಯಲಿನಲ್ಲಿ ಆ ಸ್ಪೀಕರ್‌ನ ಬಿಗಿತ 1 ಎಂದಿಟ್ಟುಕೊಳ್ಳಿ. 60 ಲೀಟರಿನ ಪೆಟ್ಟಿಗೆಯಲ್ಲಿ ಗಾಳಿಯ 1 ಸೇರಿ 2 ಆಗುತ್ತದೆ. 30 ಲೀಟರಿನಲ್ಲಿ ಗಾಳಿಯದೇ 2, ಒಟ್ಟು 3. ಮೂರು ಪಟ್ಟು ಬಿಗಿ ಎಂದರೆ ತೀರಾ ಕೆಳಗಿನ ಸ್ವರಗಳಲ್ಲಿ ಕೋನ್ ಮೂರನೇ ಒಂದು ಪಾಲು ಮಾತ್ರ ಜಿಗಿಯುತ್ತದೆ. ಹಾಗಾಗಿ ಅದೇ ಜಿಗಿತಕ್ಕೆ ಮೂರು ಪಟ್ಟು ವೋಲ್ಟೇಜ್ ಕೊಡಬಹುದು. ವ್ಯಾಟ್ ವೋಲ್ಟೇಜಿನ ವರ್ಗದಂತೆ ಏರುವುದರಿಂದ ಒಂಬತ್ತು ಪಟ್ಟು ವ್ಯಾಟ್. ಬಯಲಿನಲ್ಲಿ 30 ವ್ಯಾಟ್‌ಗೇ ಬಡಿದುಕೊಳ್ಳುವ ಸ್ಪೀಕರ್ 60 ಲೀಟರಿನಲ್ಲಿ 120 ವ್ಯಾಟ್, 30 ಲೀಟರಿನಲ್ಲಿ 270 ವ್ಯಾಟ್ ತಡೆಯುತ್ತದೆ. ಸ್ಪೀಕರ್ ಅದೇ, ಕಾಯಿಲ್ ಅದೇ, ಮೇಲೆ ಬರೆದ ಸಂಖ್ಯೆಯೂ ಅದೇ 300.

ಇದು ಪುಕ್ಕಟೆಯಲ್ಲ. ಪೆಟ್ಟಿಗೆ ಚಿಕ್ಕದಾದಷ್ಟೂ ಆಳದ ಬಾಸ್ ಕಡಿಮೆಯಾಗುತ್ತದೆ. ಬಯಲಿನಲ್ಲಿ 28 ಹರ್ಟ್ಜ್‌ನಲ್ಲಿದ್ದ ಸ್ಪೀಕರ್‌ನ ಸಹಜ ಅನುರಣನ ನನ್ನ ಪೆಟ್ಟಿಗೆಯಲ್ಲಿ 48ಕ್ಕೆ ಏರಿದೆ. ಆದರೆ ಎಷ್ಟು ವಾಲ್ಯೂಮ್ ಕೊಟ್ಟರೂ ಅದು ಒಮ್ಮೆಯೂ 'ಠಕ್' ಎಂದಿಲ್ಲ. ಅದಕ್ಕೇ ವ್ಯಾಟ್ ಸಂಖ್ಯೆ ನೋಡಿದರೆ ಸಾಕು ಎಂದು ನಾನು ನಂಬಿದ್ದೆ. ನನ್ನ ಮುಚ್ಚಿದ ಪೆಟ್ಟಿಗೆ ನನ್ನ ಅಜ್ಞಾನವನ್ನೂ ಒಳಗೇ ಮುಚ್ಚಿಟ್ಟಿತ್ತು.

ತಮ್ಮನ ಪೆಟ್ಟಿಗೆ ಮುಚ್ಚಿದ್ದಲ್ಲ, ಪೋರ್ಟ್ ಇರುವಂಥದ್ದು. ಮೆರವಣಿಗೆ, ಜಾತ್ರೆಗಳಲ್ಲಿ ಕಾಣುವ ಬಾಸ್ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಹೀಗೇ, ಸ್ಪೀಕರ್ ಕೆಳಗೆ ಉದ್ದನೆಯ ಸೀಳು ಇರುತ್ತದೆ. ಖಾಲಿ ಬಾಟಲಿಯ ಬಾಯಿಗೆ ಊದಿದರೆ 'ಭೂಂ' ಎನ್ನುವ ತತ್ವವೇ ಇಲ್ಲಿಯದೂ. ಪೋರ್ಟಿನೊಳಗಿನ ಗಾಳಿ ಒಂದು ಭಾರದಂತೆ, ಪೆಟ್ಟಿಗೆಯೊಳಗಿನ ಗಾಳಿ ಸ್ಪ್ರಿಂಗಿನಂತೆ ವರ್ತಿಸುತ್ತವೆ. ಎರಡೂ ಸೇರಿ ಒಂದು ಸ್ವರದಲ್ಲಿ ಜೋರಾಗಿ ತೂಗುತ್ತವೆ. ಆ ಸ್ವರಕ್ಕೆ ಪೆಟ್ಟಿಗೆಯ ಟ್ಯೂನಿಂಗ್ ಎನ್ನುತ್ತಾರೆ. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ ಇಂಥ ಪೆಟ್ಟಿಗೆಗಳ ಲೆಕ್ಕವನ್ನು ಕ್ರಮಬದ್ಧವಾಗಿ ಬರೆದರು. 1970ರ ದಶಕದ ಶುರುವಿನಲ್ಲಿ ರಿಚರ್ಡ್ ಸ್ಮಾಲ್ ಅದನ್ನು ಮುಂದುವರಿಸಿದರು. ಇವತ್ತು ಪ್ರತಿ ಸ್ಪೀಕರ್‌ನ ಪಟ್ಟಿಯಲ್ಲಿರುವ 'ಥೀಲ್-ಸ್ಮಾಲ್' ಸಂಖ್ಯೆಗಳು ಅವರಿಬ್ಬರ ಹೆಸರಿನವು.

ಟ್ಯೂನಿಂಗ್ ಸ್ವರದಲ್ಲಿ ಒಂದು ವಿಚಿತ್ರ ನಡೆಯುತ್ತದೆ. ಶಬ್ದವೆಲ್ಲ ಪೋರ್ಟಿನಿಂದ ಬರುತ್ತದೆ, ಕೋನ್ ಹೆಚ್ಚೂ ಕಡಿಮೆ ಅಲುಗುವುದೇ ಇಲ್ಲ. ಒಳಗಿನ ಗಾಳಿಯ ಒತ್ತಡ ಅದನ್ನು ಕೈ ಹಿಡಿದು ನಿಲ್ಲಿಸಿದಂತೆ ನಿಲ್ಲಿಸುತ್ತದೆ. ಆ ಸ್ವರದ ಸುತ್ತಮುತ್ತ ಕೋನ್‌ಗೆ ಜಿಗಿಯುವ ಭಯ ಬಹಳ ಕಡಿಮೆ. ಆದರೆ ಟ್ಯೂನಿಂಗ್‌ಗಿಂತ ಕೆಳಗಿಳಿದರೆ ಕಥೆ ತಿರುಗುತ್ತದೆ. ಕೋನ್ ಒಳಗೆ ಒತ್ತಿದ ಗಾಳಿ ಪೋರ್ಟಿನಿಂದ ಸುಮ್ಮನೆ ಹೊರಗೆ ಹೋಗಿಬಿಡುತ್ತದೆ. ಪಂಪಿನ ತುದಿಯಿಂದ ಹೆಬ್ಬೆರಳು ತೆಗೆದ ಹಾಗೆ. ಸ್ಪೀಕರ್‌ಗೆ ಪೆಟ್ಟಿಗೆ ಇದ್ದೂ ಇಲ್ಲದಂತೆ. ಶಬ್ದ ಕಡಿಮೆ, ಜಿಗಿತ ಹೆಚ್ಚು, ನಷ್ಟ ಎರಡೂ ಕಡೆ.

ಹಾಗಾದರೆ ತಮ್ಮನ ಪೆಟ್ಟಿಗೆಯ ಟ್ಯೂನಿಂಗ್ ಎಷ್ಟು? ಪುಣೆಯಲ್ಲಿ ಕೂತು ಅಳೆಯುವುದು ಹೇಗೆ? ರಾತ್ರಿ ವಿಡಿಯೊ ಕಾಲ್ ಮಾಡಿದೆ. ಇನ್ನೂ ಬದುಕಿದ್ದ ಎರಡನೇ ಸ್ಪೀಕರ್ ಇರುವ ಪೆಟ್ಟಿಗೆಯನ್ನು ಬಾಯಿ ಮೇಲಾಗಿ ಅಂಗಳದಲ್ಲಿ ಮಲಗಿಸಲು ಹೇಳಿದೆ. 'ಅಡಿಗಿ ಮನಿಯಿಂದ ಒಂದ್ ಚಮಚ ಸಾಸಿವಿ ತಗೊಂಬಾ' ಎಂದೆ. ಚಿಕ್ಕಮ್ಮ, 'ದೃಷ್ಟಿ ತೆಗ್ಯಾಕೇನು?' ಎನ್ನುತ್ತ ತಾವೇ ತಂದರು. ಕೋನ್‌ನ ನಡುವಿನ ಗುಬುಟಿನ ಸುತ್ತ ಸಾಸಿವೆ ಉದುರಿಸಿ, ಮೊಬೈಲಿನ ಟೋನ್ ಜನರೇಟರ್ ಆ್ಯಪ್‌ನಿಂದ ತೀರಾ ಸಣ್ಣ ದನಿಯಲ್ಲಿ 80 ಹರ್ಟ್ಜ್‌ನಿಂದ ನಿಧಾನವಾಗಿ ಕೆಳಗೆ ಇಳಿಸಿಸಿದೆ. ಸಾಸಿವೆ ಕುಣಿಯುತ್ತಿತ್ತು. 70, 65, 60. ಕುಣಿತ ತಗ್ಗುತ್ತ ಬಂತು. 55ಕ್ಕೆ ಬಂದಾಗ ಕಾಳುಗಳು ನಿಂತಲ್ಲೇ ನಿಂತವು. ಪೋರ್ಟಿನ ಬಾಯಿಗೆ ಕೈ ಹಿಡಿದ ತಮ್ಮ, 'ಗಾಳಿ ಹೊಡಿಯಾಕತ್ತೈತಿ ಅಣ್ಣಾ' ಎಂದ. 50, 45ಕ್ಕೆ ಇಳಿಸಿದರೆ ಮತ್ತೆ ಕುಣಿತ ಶುರು. ಪೆಟ್ಟಿಗೆಯ ಟ್ಯೂನಿಂಗ್ 55.

ಈಗಿನ ಡಿಜೆ ಹಾಡುಗಳಲ್ಲಿ 35-40 ಹರ್ಟ್ಜ್‌ನ ಬಾಸ್ ಸಾಮಾನ್ಯ. 55ಕ್ಕೆ ಟ್ಯೂನ್ ಆದ ಪೆಟ್ಟಿಗೆಯಲ್ಲಿ ಆ ಸ್ವರ ಬಂದಾಗಲೆಲ್ಲ ತಮ್ಮನ ಸ್ಪೀಕರ್ ಬಯಲಿನಲ್ಲಿ ನಿಂತು ಏಟು ತಿನ್ನುತ್ತಿತ್ತು. ಜನ 'ಬಾಸ್ ಸಾಲಲ್ಲ' ಎಂದಾಗ ಅವನು ಇನ್ನಷ್ಟು ಏರಿಸುತ್ತಿದ್ದ. ಕ್ರಾಸ್‌ಓವರ್‌ನಲ್ಲಿ ತೀರಾ ಕೆಳಗಿನ ಸ್ವರ ತಡೆಯುವ 'ಲೋ ಕಟ್' ಇತ್ತು. ಬಾಸ್ ಕಡಿಮೆಯಾಗುತ್ತದೆಂದು ಅದನ್ನು ಬಂದ್ ಮಾಡಿಟ್ಟಿದ್ದ.

55 ಯಾಕೆ ಆಯಿತು ಎಂಬುದು ಟೇಪ್ ಹಿಡಿದಾಗ ತಿಳಿಯಿತು. ಪೆಟ್ಟಿಗೆ ಒಳಗೆ ಸುಮಾರು 180 ಲೀಟರ್. ಪೋರ್ಟ್ 50 ಸೆಂ.ಮೀ. ಅಗಲ, 12 ಸೆಂ.ಮೀ. ಎತ್ತರ, ಒಳಕ್ಕೆ 13 ಸೆಂ.ಮೀ. ಆಳ. ದಾವಣಗೆರೆಯಲ್ಲಿ ಯಾರದೋ ಪೆಟ್ಟಿಗೆ ನೋಡಿ ಬಡಿಗ ಅಳತೆ ತಂದಿದ್ದ. ಅದರಲ್ಲಿ ಪೋರ್ಟಿನ ಹಲಗೆ ಒಳಗೆ ಉದ್ದಕ್ಕೆ ಹೋಗಿತ್ತಂತೆ. 'ಒಳಗ ಯಾರ್ ನೋಡ್ತಾರ, ಪ್ಲೈವುಡ್ ಉಳೀತೈತಿ' ಎಂದು ಅದನ್ನು ಮೊಟಕು ಮಾಡಿದ್ದ. ಬಡಿಗನನ್ನು ಏನೆಂದು ಬೈಯುವುದು? ಹಲಗೆ ಯಾಕಿದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಿದ್ದವನು ಪುಣೆಯಲ್ಲಿ ಕೂತು ವ್ಯಾಟ್ ಲೆಕ್ಕ ಹಾಕುತ್ತಿದ್ದ.

ಪೋರ್ಟ್ ಉದ್ದವಾದಷ್ಟೂ ಟ್ಯೂನಿಂಗ್ ಕೆಳಗಿಳಿಯುತ್ತದೆ. ಲೆಕ್ಕ ಹಾಕಿದೆ. ಹೆಚ್ಚುವರಿ ಹಲಗೆ ತಿನ್ನುವ ಜಾಗವನ್ನೂ ಕಳೆದು ನೋಡಿದರೆ 43 ಸೆಂ.ಮೀ. ಉದ್ದಕ್ಕೆ 42 ಹರ್ಟ್ಜ್ ಬರಬೇಕು. ಬೇಕಾದದ್ದು ಪ್ರತಿ ಪೆಟ್ಟಿಗೆಗೆ 30 ಸೆಂ.ಮೀ.ನ ಇನ್ನೊಂದು ತುಂಡು ಹಲಗೆ. ಸಾವಿರಾರು ರೂಪಾಯಿಯ ಸ್ಪೀಕರ್ ಕೊಂದದ್ದು ಆ ತುಂಡು.

ಆ ಶನಿವಾರ ಕಾಕಾ ಹೊಸ ಕಾಯಿಲ್, ಸ್ಪೈಡರ್, ಕೋನ್ ಕೂರಿಸಿಕೊಟ್ಟರು. ಆ ಖರ್ಚು ನಾನು ಕೊಟ್ಟೆ. ಸ್ಪೀಕರ್ ಅದೇ ಹೆದ್ದಾರಿಯಲ್ಲಿ, ಅದೇ ಗೋಣಿಚೀಲದಲ್ಲಿ ಊರಿಗೆ ವಾಪಸಾಯಿತು. ಬಡಿಗ ಹಲಗೆ ಸೇರಿಸಿದ. ಮತ್ತೆ ಸಾಸಿವೆ ಉದುರಿಸಿದರು. ಈ ಸಲ ಕಾಳು ನಿಂತದ್ದು 43ಕ್ಕೆ. ಲೋ ಕಟ್ 38 ಹರ್ಟ್ಜ್‌ಗೆ ಇಟ್ಟು, ಆಕ್ಟೇವ್‌ಗೆ 24 ಡೆಸಿಬಲ್ ಇಳಿಜಾರು ಕೊಡಲು ಹೇಳಿದೆ. ಅಂದರೆ ಅದರ ಅರ್ಧ, 19 ಹರ್ಟ್ಜ್‌ಗೆ ಹೋಗುವಷ್ಟರಲ್ಲಿ ವೋಲ್ಟೇಜ್ ಹದಿನಾರನೇ ಒಂದು ಪಾಲಿಗೆ ಇಳಿದಿರುತ್ತದೆ. ಪೋರ್ಟ್ ಕೈಬಿಡುವ ಸ್ವರಗಳು ಸ್ಪೀಕರ್ ತನಕ ಬರುವುದೇ ಇಲ್ಲ. ಪೋರ್ಟ್ ಇರುವ ಪೆಟ್ಟಿಗೆಗೆ ಇದು ಅಲಂಕಾರವಲ್ಲ, ಕಟ್ಟಡಕ್ಕೆ ಫ್ಯೂಸ್ ಇದ್ದ ಹಾಗೆ.

ಕೊನೆಗೆ ತಮ್ಮನಿಗೆ ಒಂದು ಎಚ್ಚರಿಕೆ ಹೇಳಲೇಬೇಕಿತ್ತು. ಪೆಟ್ಟಿಗೆ ಜಿಗಿತವನ್ನು ತಡೆಯುತ್ತದೆ, ಬಿಸಿಯನ್ನಲ್ಲ. ಯಾವ ಪೆಟ್ಟಿಗೆ ಮಾಡಿಸಿದರೂ ಕಾಯಿಲ್‌ನ 600 ವ್ಯಾಟ್ ಮಿತಿ 700 ಆಗುವುದಿಲ್ಲ. ಇನ್ನೂ ಹೇಳಬೇಕೆಂದರೆ, ಕೋನ್ ಓಡಾಡುವಾಗ ಕಾಯಿಲ್‌ಗೆ ಬೀಸಣಿಗೆಯಂತೆ ಸ್ವಲ್ಪ ಗಾಳಿ ಸಿಗುತ್ತದೆ. ಜಿಗಿತ ಕಡಿಮೆಯಾದಾಗ ಅದೂ ಕಡಿಮೆ. ಮೊದಲಾದರೆ 'ಠಕ್' ಎಂದು ಎಚ್ಚರಿಸುತ್ತಿತ್ತು, ಈಗ ಸದ್ದಿಲ್ಲದೆ ಸುಡುತ್ತದೆ. ಅದಕ್ಕೆ ಒಂದೇ ಮುನ್ಸೂಚನೆ. ತಾಮ್ರ ಬಿಸಿಯಾದಂತೆ ಅದರ ರೋಧ ಡಿಗ್ರಿಗೆ ನೂರಕ್ಕೆ 0.39ರಂತೆ ಏರುತ್ತದೆ. ಕಾಯಿಲ್ 150 ಡಿಗ್ರಿ ಹೆಚ್ಚು ಬಿಸಿಯಾದರೆ ಅದೇ ವೋಲ್ಟೇಜಿಗೆ ಅದು ಎಳೆಯುವ ವ್ಯಾಟ್ ಮೂರರಲ್ಲಿ ಎರಡು ಪಾಲಿಗಿಂತ ಕೆಳಗಿಳಿಯುತ್ತದೆ. ತಾಸೆರಡು ತಾಸು ಬಾರಿಸಿದ ಮೇಲೆ ಬಾಸ್ ಮಂಕಾಯಿತು ಅನ್ನಿಸಿದರೆ ಏರಿಸಬೇಡ, ಇಳಿಸು ಎಂದೆ. ಆಪರೇಟರ್‌ಗಳು ಸಾಮಾನ್ಯವಾಗಿ ಮಾಡುವುದು ಅದರ ಉಲ್ಟಾ.

ಹನ್ನೆರಡನೇ ದಿನ ಬ್ಯಾಡಗಿ ಕಡೆಯ ಒಂದು ಮದುವೆ. ರಾತ್ರಿ ಹತ್ತೂಕಾಲಿಗೆ ಫೋನ್ ಬಂತು. 'ಹತ್ತಕ್ಕ ಬಂದ್ ಮಾಡಿದ್ವಿ ಅಣ್ಣಾ. ಎರಡೂ ಅದಾವ. ಬಾಸ್ ಹೆಚ್ಚಾಗೇತಿ ಅಂದ್ರು, ನಾ ಆಂಪ್ ಮೊದಲಿಗಿಂತ ಕಡಿಮಿ ಇಟ್ಟಿದ್ದೆ' ಎಂದ. ಹಣ ಪೂರ್ತಿ ಕೊಟ್ಟರೋ ಎಂದು ಕೇಳಿದೆ. 'ಪೂರ್ತಿ' ಎಂದ.

ಗಣಪತಿ ಹಬ್ಬಕ್ಕೆ ಊರಿಗೆ ಹೋದಾಗ ಪೆಟ್ಟಿಗೆಗಳನ್ನು ಮೊದಲ ಸಲ ಕಣ್ಣಾರೆ ನೋಡಿದೆ. ಸ್ಪೀಕರ್ ಜೊತೆ ಬಂದಿದ್ದ '1200 ವ್ಯಾಟ್' ಸ್ಟಿಕ್ಕರನ್ನು ತಮ್ಮ ಕೆರೆದು ತೆಗೆದಿದ್ದ. ಹಿಂದಿನ ಹಲಗೆಯ ಮೇಲೆ ಬಿಳಿ ಪೇಂಟಿನಲ್ಲಿ ತಾನೇ ಬರೆದಿದ್ದ: 'ಟ್ಯೂನಿಂಗ್ 43. ಲೋ ಕಟ್ 38. ಈ ಡಬ್ಬಿಯೊಳಗ 500 ವ್ಯಾಟ್.'